ಮಾರುಕಟ್ಟೆ ಪ್ರಾಂಗಣದ ವಾಹನ ನಿಲುಗಡೆಗೆ ಮಾರ್ಗಸೂಚಿ ಫಲಕಗಳು

ಬೆಳೆಯ ಉತ್ಪಾದನೆಗೆ ನೀಡುವಷ್ಟು ಗಮನವನ್ನು, ಆ ಬೆಳೆ ಮಾರುಕಟ್ಟೆಯೊಳಗೆ ಸಾಗುವ ಕೊನೆಯ ಕೆಲವು ನೂರು ಮೀಟರುಗಳಿಗೆ ನಾವು ನೀಡುತ್ತಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಸುಗ್ಗಿಯಲ್ಲಿ ಬಳ್ಳಾರಿ, ರಾಯಚೂರು ಹಾಗೂ ಆಂಧ್ರಪ್ರದೇಶದಿಂದಲೂ ಮಾಲು ಬರುತ್ತದೆ. ಇಂತಹ ಪ್ರಾಂಗಣದಲ್ಲಿ ದಾರಿ ತಿಳಿಯದ ಒಬ್ಬ ಚಾಲಕ ತಪ್ಪು ಓಣಿಗೆ ತಿರುಗಿದರೂ ತುಂಬಿದ ಟ್ರೇಲರನ್ನು ಹಿಂದಕ್ಕೆ ಸರಿಸುವುದು ಕಷ್ಟ. ಹಿಂದಿನ ಸಾಲೆಲ್ಲ ನಿಲ್ಲುತ್ತದೆ. ಟೆಂಡರ್ ವೇಳೆಗೆ ಅಂಗಡಿ ಮುಟ್ಟದ ಮಾಲಿಗೆ ಅಂದಿನ ಧಾರಣೆ ದೊರೆಯದು. ಒಣ ಮೆಣಸಿನಕಾಯಿ, ಹತ್ತಿಯಂತಹ ಬೇಗ ಬೆಂಕಿ ಹತ್ತುವ ಸರಕು ಇರುವಲ್ಲಿ ಅಗ್ನಿಶಾಮಕ ವಾಹನದ ದಾರಿ ಮುಚ್ಚಿಹೋಗುವುದು ಇನ್ನೂ ದೊಡ್ಡ ಅಪಾಯ.

ಫಲಕದ ಸ್ಥಳ

ಫಲಕವನ್ನು ತಿರುವಿನಲ್ಲಿ ಮಾತ್ರ ನೆಡುವುದು ಸಾಮಾನ್ಯವಾಗಿ ಕಂಡುಬರುವ ದೋಷ. ಗಂಟೆಗೆ 20 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 5.5 ಮೀಟರ್ ಸಾಗುತ್ತದೆ. ಓದಿ ನಿರ್ಧರಿಸಲು 4 ಸೆಕೆಂಡು ಹಿಡಿದರೆ 22 ಮೀಟರ್ ಕಳೆದಿರುತ್ತದೆ. ಭಾರ ಹೊತ್ತ ಟ್ರ್ಯಾಕ್ಟರ್ ನಿಧಾನಿಸಲು ಇನ್ನಷ್ಟು ದೂರ ಬೇಕು. ಆದ್ದರಿಂದ ತಿರುವಿಗೆ 30 ಮೀಟರ್ ಮೊದಲೇ ಮುಖ್ಯ ಫಲಕವನ್ನೂ, ತಿರುವಿನಲ್ಲಿ ಬಾಣದ ಗುರುತಿನ ಚಿಕ್ಕ ಫಲಕವನ್ನೂ ಅಳವಡಿಸಬೇಕು. ಚೀಲ ಒಟ್ಟಿದ ಲಾರಿಯೊಂದು ಮುಂದೆ ನಿಂತರೆ ತಗ್ಗಿನ ಫಲಕ ಕಾಣದು. ಕೆಳಅಂಚು ನೆಲದಿಂದ ಕನಿಷ್ಠ 2.1 ಮೀಟರ್ ಇರಲಿ. ಲಾರಿಗಳು ಹೆಚ್ಚಿರುವಲ್ಲಿ ಇನ್ನೂ ಎತ್ತರಿಸಿ, ಅದೇ ಫಲಕವನ್ನು ರಸ್ತೆಯ ಬಲಬದಿಯಲ್ಲೂ ನೆಡುವುದು ಒಳಿತು. ರಸ್ತೆಗೆ ಅಡ್ಡಲಾಗಿ ಕಟ್ಟುವ ಫಲಕದ ಕೆಳಗೆ 5.5 ಮೀಟರ್ ತೆರವು ಬೇಕು.

ಅಕ್ಷರ ಮತ್ತು ಗುರುತು

ಹತ್ತು ಮೀಟರ್ ಓದುವ ದೂರಕ್ಕೆ 25 ಮಿ.ಮೀ. ಅಕ್ಷರ ಎಂಬುದು ಕನಿಷ್ಠ ಲೆಕ್ಕ. ಅಂದರೆ 40 ಮೀಟರಿಗೆ 100 ಮಿ.ಮೀ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುವುದರಿಂದ ಈ ಅಳತೆಯನ್ನು ಮೂಲ ಅಕ್ಷರಕ್ಕೆ ಹಿಡಿದು, ಒತ್ತಿಗೆ ಪ್ರತ್ಯೇಕ ಜಾಗ ಬಿಡಬೇಕು. ಈ ಜಾಗ ಉಳಿಸಲು ಹೋಗಿ ‘ಟ್ರ್ಯಾಕ್ಟರ್’ ಎಂಬ ಪದವನ್ನೇ ಓದಲಾಗದಂತೆ ಮಾಡಿದ ಫಲಕಗಳು ಕಡಿಮೆಯೇನಲ್ಲ. ಒಂದು ಫಲಕದಲ್ಲಿ ಎರಡು ಮೂರು ಸೂಚನೆ ಸಾಕು. ಶುಭಾಶಯ, ಭಾವಚಿತ್ರಗಳಿಗೆ ಅಲ್ಲಿ ಸ್ಥಾನವಿಲ್ಲ.

ನಿಲುಗಡೆಯ ವಿಭಾಗಗಳಿಗೆ ‘ಬಿ’, ‘ಡಿ’, ‘ಪಿ’ ಎಂದು ಹೆಸರಿಡಬಾರದು. ಮೊಬೈಲಿನಲ್ಲಿ ಹೇಳುವಾಗ ಇವು ಒಂದೇ ರೀತಿ ಕೇಳಿಸುತ್ತವೆ. ನೇಗಿಲು, ತೆನೆ, ಎತ್ತು ಮುಂತಾದ ಚಿತ್ರಗಳು ಅಕ್ಷರ ಬಾರದವರಿಗೂ ನೆನಪಿರುತ್ತವೆ. ಬಣ್ಣವೊಂದನ್ನೇ ನಂಬಬಾರದು, ಕೆಂಪು-ಹಸಿರಿನ ಭೇದ ಕಾಣದವರಿದ್ದಾರೆ. ನೀಲಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಚೆನ್ನಾಗಿ ಎದ್ದುಕಾಣುತ್ತದೆ. ಬೆಳಗಿನ ಜಾವ ವಾಹನ ಬರುವಲ್ಲಿ ಫ್ಲೆಕ್ಸ್ ಬದಲು ದೀಪದ ಬೆಳಕನ್ನು ಪ್ರತಿಫಲಿಸುವ ಹಾಳೆ ಬಳಸಬೇಕು. ಗಡಿಭಾಗದ ಮಾರುಕಟ್ಟೆಗಳಲ್ಲಿ ಕನ್ನಡದ ಕೆಳಗೆ ತೆಲುಗು ಅಥವಾ ಮರಾಠಿ ಸೇರಿಸುವುದು ಸೂಕ್ತ.

ಹಿಂದಿರುಗುವ ದಾರಿ

ಮಾಲು ಮಾರಿ ಸಂಜೆ ನಡೆದು ಬರುವ ರೈತರು ತಮ್ಮ ವಾಹನವನ್ನು ಹುಡುಕುವುದು ಎದುರು ದಿಕ್ಕಿನಿಂದ. ಆದುದರಿಂದ ಪ್ರತಿ ಫಲಕದ ಹಿಂಬದಿಯಲ್ಲೂ ವಿಭಾಗದ ಚಿತ್ರ ಮತ್ತು ಹೆಸರು ಇರತಕ್ಕದ್ದು. ಅದೇ ಚಿತ್ರವನ್ನು ಗೇಟಿನ ಚೀಟಿಯಲ್ಲಿ ಮುದ್ರಿಸಿದರೆ ಇನ್ನೂ ಅನುಕೂಲ.

ವಿಸ್ತರಣಾ ಕಾರ್ಯಕರ್ತರು ಮಾರುಕಟ್ಟೆ ಸಮಿತಿಯೊಡನೆ ಸೇರಿ, ಸುಗ್ಗಿಗೆ ಮುನ್ನ ಪ್ರಾಂಗಣವನ್ನೇ ಕಾಣದ ಚಾಲಕನೊಬ್ಬನಿಂದ ಖಾಲಿ ಟ್ರೇಲರ್ ಸಹಿತ ಒಮ್ಮೆ ಓಡಿಸಿ ನೋಡಬೇಕು. ಆತ ಎಲ್ಲಿ ನಿಂತು ದಾರಿ ಕೇಳುತ್ತಾನೋ ಅಲ್ಲಿಗೆ 30 ಮೀಟರ್ ಹಿಂದೆ ಇನ್ನೊಂದು ಫಲಕ ಬೇಕು.