ಧಣಿ ಯಾರು?

ಬೀಡಿ ಕಟ್ಟೋರ ಚರಿತ್ರೆಯೆಂದರೆ, ಧಣಿಯಾದವನು ತಾನು ಧಣಿಯೇ ಅಲ್ಲವೆಂದು ನುಣುಚಿಕೊಂಡ ಚರಿತ್ರೆ. 1948ರ ಕಾರ್ಖಾನೆ ಕಾಯ್ದೆ, ವಿದ್ಯುತ್ ಬಳಸದ ಕಡೆ 20 ಜನ ದುಡಿದರೆ ಮಾತ್ರ ಅನ್ವಯಿಸುತ್ತಿತ್ತು. ಮಾಲೀಕರು ಏನು ಮಾಡಿದರು? ಕೆಲಸವನ್ನು ಚೂರುಚೂರು ಮಾಡಿ ಸಣ್ಣ ಕೊಠಡಿಗಳಿಗೆ, ನಮ್ಮವರ ಜಗಲಿಗಳಿಗೆ ಹಂಚಿದರು. ನಡುವೆ ಕಂಟ್ರಾಕ್ಟರನನ್ನು ನಿಲ್ಲಿಸಿದರು. ಎಲೆ, ಹೊಗೆಸೊಪ್ಪು ಧಣಿಯದು, ಲಾಭವೂ ಅವನದೇ. ಕೂಲಿ ಕೇಳಿದರೆ ಮಾತ್ರ ‘ಕಂಟ್ರಾಕ್ಟರನ್ನ ಕೇಳ್ರಿ!’ ಎಲೆ ಒಯ್ದು ಬೇರೆಡೆ ಕಟ್ಟಿಸುವ ಸಟ್ಟೇದಾರರು ಸ್ವತಂತ್ರ ಗುತ್ತಿಗೆದಾರರು, ಕಾರ್ಮಿಕರಲ್ಲ ಎಂದು 1958ರಲ್ಲಿ ಚಿಂತಾಮನ್ ರಾವ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೂ ಹೇಳಿತು.

1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಈ ಮುಸುಕು ಕಿತ್ತಿತು. ಮನೆಯಲ್ಲಿ ಕೂತು ಕಟ್ಟುವವಳೂ ಕಾರ್ಮಿಕಳೇ. ಯಾರಿಗಾಗಿ ಬೀಡಿ ತಯಾರಾಗುತ್ತೋ ಅವನೇ ಮೂಲ ಮಾಲೀಕ. ಸಂಬಳಸಹಿತ ರಜೆ, ಹೆರಿಗೆ ಸೌಲಭ್ಯ ಹಕ್ಕಾದವು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಸೇರಿ ಹಲವು ತಯಾರಕರು ಕೋರ್ಟಿಗೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಆಮೇಲೂ ಆಟ ನಿಲ್ಲಲಿಲ್ಲ. ಎಲೆ ಮಾರಿದೆವು, ಬೀಡಿ ಕೊಂಡೆವು ಎಂದು ಲೆಕ್ಕ ಬರೆದು, ದುಡಿಯುವವಳನ್ನೇ ವ್ಯಾಪಾರಿ ಮಾಡಿದವರಿದ್ದರು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಹೆಸರು ಯಾವುದಾದರೇನು, ನಮ್ಮ ಪ್ರಶ್ನೆ ಅದೇ: ಲಾಭ ಯಾರ್ದು, ಹೊಣೆ ಯಾರ್ದು? ‘ನಮ್ದು ಸಣ್ಣ ವ್ಯಾಪಾರ’ ಅನ್ನೋದು ಕೂಲಿ ನುಂಗೋಕೆ ಪರವಾನಗಿಯಲ್ಲ.

ಮೇಷ್ಟ್ರುಗಳೇ, ಗೆಳೆಯರೇ, ಎಷ್ಟು ಕಟ್ಟಿದಳು, ಎಷ್ಟು ಕಳಪೆಯೆಂದು ತೆಗೆದುಹಾಕಿದರು, ಎಷ್ಟು ಕೊಟ್ಟರು — ದಿನದಿನದ ಲೆಕ್ಕ ಬರೆಯೋದನ್ನ ಅವಳಿಗೆ ಕಲಿಸೋಣ. ಆ ಪುಸ್ತಕ ಧಣಿಯ ಪೆಟ್ಟಿಗೆಯಲ್ಲಲ್ಲ, ಅವಳ ಕೈಯಲ್ಲಿರಲಿ.