ಗೇಣಿ ಚೀಟಿನಿಂದ ಪಹಣಿಯವರೆಗೆ

ನಮ್ಮ ದಕ್ಷಿಣ ಕನ್ನಡದಲ್ಲಿ ಗೇಣಿ ಎರಡು ಬಗೆ ಇತ್ತು. ಮೂಲಗೇಣಿಯವನನ್ನು ಧಣಿಗಳು ಸುಲಭದಲ್ಲಿ ಎಬ್ಬಿಸುವಂತಿರಲಿಲ್ಲ, ಗೇಣಿಯೂ ಏರುತ್ತಿರಲಿಲ್ಲ. ಚಾಲಗೇಣಿಯವನದ್ದು ಹಾಗಲ್ಲ, ವರ್ಷ ವರ್ಷದ ಕರಾರು. ಅದೂ ಎಷ್ಟೋ ಕಡೆ ಬಾಯಿಮಾತಿನಲ್ಲೇ. ಮುಡಿ ಲೆಕ್ಕದಲ್ಲಿ ಅಕ್ಕಿ ಅಳೆದು ಕೊಟ್ಟರೂ ರಶೀದಿ ಕೇಳುವ ಧೈರ್ಯ ನಮ್ಮ ಹಿರಿಯರಿಗೆ ಇರಲಿಲ್ಲ. ಕೇಳಿದರೆ ಧಣಿಗಳ ಮೇಲೆ ನಂಬಿಕೆ ಇಲ್ಲ ಎಂದಾಗುತ್ತಿತ್ತಲ್ಲ!

1974ರ ಮಾರ್ಚ್ 1ರಿಂದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು ಗೇಣಿ ಜಮೀನು ಸರಕಾರದ ವಶವಾಯಿತು. ಒಕ್ಕಲು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟರೆ ಭೂನ್ಯಾಯ ಮಂಡಳಿ ವಿಚಾರಿಸಿ ಅಧಿಭೋಗದ ಹಕ್ಕು ಕೊಡುವುದು. ಕಡೆಯ ಗಡು 1979ರ ಜೂನ್ 30. ಆಗ ಬೇಕಾದದ್ದು ಆ ರಶೀದಿಯೇ! ಇಲ್ಲದವರು ಪಹಣಿ ಹಿಡಿದು, ನೆರೆಕರೆಯವರಿಂದ ಸಾಕ್ಷಿ ಹೇಳಿಸಿ ಗೆದ್ದದ್ದುಂಟು. ದಾಕ್ಷಿಣ್ಯಕ್ಕೆ ಅರ್ಜಿಯನ್ನೇ ಕೊಡದೆ ಜಾಗ ಕಳಕೊಂಡವರೂ ಉಂಟು.

ಇನ್ನೊಂದು ಎಡವಟ್ಟು, ಕೂಡುಕುಟುಂಬದ ಪರವಾಗಿ ಅಣ್ಣ ಒಬ್ಬನೇ ಸಹಿ ಹಾಕಿದ್ದು. ಡಿಕ್ಲರೇಶನ್ ಅವನ ಹೆಸರಿಗಾಯಿತು, ತಮ್ಮಂದಿರು ಪಾಲಿಗಾಗಿ ಕೋರ್ಟಿಗೆ ಅಲೆದರು. ಸಾಲಕ್ಕೆ ಬಂದವರ ಪಹಣಿ ನೋಡುವಾಗ ಈ ಗಂಟು ನಮಗೆ ಈಗಲೂ ಸಿಗುತ್ತದೆ.

ಹಕ್ಕು ಸಿಕ್ಕಿದ ಜಾಗವನ್ನು 15 ವರ್ಷ ಮಾರುವಂತಿರಲಿಲ್ಲ. ಆದರೆ ಜಮೀನು ಅಭಿವೃದ್ಧಿಗೆಂದು ಸಹಕಾರಿ ಸಂಘಕ್ಕೆ ಅಡವಿಟ್ಟು ಸಾಲ ತೆಗೆಯಲು ಅದೇ ಕಾನೂನು ಬಿಟ್ಟಿತ್ತು. ಧಣಿಗಳ ಜಾಗಕ್ಕೆ ಸಾಲ ಯಾರು ಕೊಡ್ತಾರೆ ಎಂದು ಸುಮ್ಮನಿದ್ದ ನಮ್ಮವರು ಬಾವಿ ತೋಡಿ ಪಂಪು ಇಟ್ಟದ್ದು, ಅಡಿಕೆ ನೆಟ್ಟದ್ದು ಆ ಮೇಲೆ.