ಬಾಗಲಕೋಟೆ ಸೀಮೆಯಲ್ಲಿ ಹಳೆ ಕಾರಿನ ಇಂಜಿನ್ ಕೆಲಸ

ಹಳೆ ಕಾರನ್ನು ಮಾರದೆ, ಮನೆಯ ಮುಂದೆಯೇ ಅದರ ಇಂಜಿನ್ ಇಳಿಸಿ, ಬಿಚ್ಚಿ, ಮತ್ತೆ ಕೂಡಿಸಿ ಓಡಿಸುವ ರೂಢಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಊರುಗಳಲ್ಲಿ ಸ್ವಾತಂತ್ರ್ಯದ ನಂತರ ನಾಲ್ಕೈದು ದಶಕ ನಡೆದುಬಂತು. ಇದನ್ನು ಜಿಪುಣತನವೆಂದು ತಿಳಿಯುವುದು ತಪ್ಪು. ಆ ಕಾಲದಲ್ಲಿ ಕಾರು ಸಿಗುವುದೇ ಕಷ್ಟವಾಗಿತ್ತು. ಸಿಕ್ಕಿದ್ದನ್ನು ಉಳಿಸಿಕೊಳ್ಳುವುದು ಅನಿವಾರ್ಯವಾಗಿತ್ತು.

1949ರಲ್ಲಿ ಭಾರತ ಸರ್ಕಾರ ಪೂರ್ತಿ ಜೋಡಿಸಿದ ಕಾರುಗಳ ಆಮದನ್ನು ನಿಲ್ಲಿಸಿತು. ಇಲ್ಲಿಯೇ ಬಿಡಿಭಾಗ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳಿಗೆ 1953ರಲ್ಲಿ ಬಾಗಿಲು ಮುಚ್ಚಿತು. ಕಾರು ಕೊಳ್ಳುವವರ ಮುಂದೆ ಉಳಿದದ್ದು ಮುಖ್ಯವಾಗಿ ಎರಡೇ: ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ತಯಾರಿಸುತ್ತಿದ್ದ ಅಂಬಾಸಿಡರ್ ಮತ್ತು ಮುಂಬಯಿಯ ಫಿಯಾಟ್. ಫಿಯಾಟ್ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾದ ಕಾಲ ಅದು. ಹೀಗಾಗಿ ವೈದ್ಯರು, ವಕೀಲರು, ಹತ್ತಿ ಮತ್ತು ಸೀರೆಯ ವ್ಯಾಪಾರಿಗಳು, ಗುತ್ತಿಗೆದಾರರು ಕೊಂಡ ಕಾರು ಒಂದು ಮನೆಯಲ್ಲಿ ಎರಡು ತಲೆಮಾರು ಓಡುತ್ತಿತ್ತು. ಅಲ್ಲಿಂದ ಬಾಡಿಗೆಗೆ ಇಳಿದು ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮದ ಪ್ರವಾಸಿಗರನ್ನೂ ಬನಶಂಕರಿ ಜಾತ್ರೆಯ ಭಕ್ತರನ್ನೂ ಹೊರುತ್ತಿತ್ತು.

ದುರಸ್ತಿಗೆ ಅನುಕೂಲವಾಗಿದ್ದ ಇನ್ನೊಂದು ಸಂಗತಿ ಇಂಜಿನ್ನಿನ ರಚನೆಯೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರು ಅಲ್ಲಿ 1959ರಲ್ಲಿ ನಿಂತುಹೋಯಿತು. ಅದೇ ಮಾದರಿ ಅಂಬಾಸಿಡರ್ ಎಂಬ ಹೆಸರಿನಲ್ಲಿ ಭಾರತದಲ್ಲಿ 2014ರವರೆಗೆ ತಯಾರಾಯಿತು. ಅದರ 1489 ಸಿಸಿ ಪೆಟ್ರೋಲ್ ಇಂಜಿನ್ ದಶಕಗಳ ಕಾಲ ಹೆಚ್ಚು ಬದಲಾಗಲಿಲ್ಲ. ಒಮ್ಮೆ ಕಲಿತ ಕೈಗೆ ಮುಂದಿನ ಮೂವತ್ತು ವರ್ಷ ಅದೇ ನಟ್ಟು, ಅದೇ ಪಾನಾ.

ಈ ಸೀಮೆಗೆ ಇಂಜಿನ್ ವಿದ್ಯೆಯನ್ನು ತಂದದ್ದು ಕಾರಲ್ಲ, ಹೊಲದ ಪಂಪು. 1956ರವರೆಗೆ ಈ ಸೀಮೆ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯ ಭಾಗವಾಗಿತ್ತು. ಹೀಗಾಗಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ದಿಮೆಯ ಸಾಮಾನುಗಳು ಇಲ್ಲಿನ ರೈತರಿಗೆ ಪರಿಚಿತವಾಗಿದ್ದವು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಹುಟ್ಟಿತು. ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಂಡೆಗಳಲ್ಲಿ ನೀರೆತ್ತುವ ಡೀಸೆಲ್ ಇಂಜಿನ್ ಕೆಟ್ಟರೆ ಬೆಳೆ ಒಣಗುತ್ತದೆ; ಆದ್ದರಿಂದ ಅದನ್ನು ಹೊಲದಲ್ಲೇ ಬಿಚ್ಚಿ ಸರಿಪಡಿಸಬಲ್ಲ ಮಿಸ್ತ್ರಿ ಬೇಕಾಗಿತ್ತು. ಸೊಲ್ಲಾಪುರ–ಚಿತ್ರದುರ್ಗ ಹೆದ್ದಾರಿಯ ಮೇಲಿನ ಹುನಗುಂದ ಮತ್ತು ಇಳಕಲ್ಲಗಳಲ್ಲಿ ಲಾರಿಗಳೂ, ಇಳಕಲ್ಲಿನ ಕೆಂಪು ಗ್ರಾನೈಟ್ ಗಣಿಗಳ ಕಂಪ್ರೆಸರ್‌ಗಳೂ ಇದೇ ಕೆಲಸವನ್ನು ಬೆಳೆಸಿದವು. ಪಂಪು, ಲಾರಿ, ಕಾರು ಎಂಬ ಭೇದವಿಲ್ಲದೆ ಒಬ್ಬನೇ ಮಿಸ್ತ್ರಿ ಎಲ್ಲವನ್ನೂ ನೋಡುತ್ತಿದ್ದ. ದೊಡ್ಡ ವರ್ಕ್‌ಶಾಪುಗಳಿದ್ದ ಹುಬ್ಬಳ್ಳಿ ನೂರು ಕಿಲೋಮೀಟರಿಗೂ ಆಚೆ. ಅಲ್ಲಿಗೆ ಹೋಗುತ್ತಿದ್ದದ್ದು ಕಾರಲ್ಲ, ಸಿಲಿಂಡರ್ ಬೋರಿಂಗ್ ಮಾಡಿಸಬೇಕಾದ ಇಂಜಿನ್ ಬ್ಲಾಕ್ ಮಾತ್ರ.

ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ ಎಂದರ್ಥ. ಆಗ ಎದುರಿಗಿರುತ್ತಿದ್ದ ಪ್ರಶ್ನೆ ಹಾಫ್ ಇಂಜಿನ್ನೋ ಫುಲ್ ಇಂಜಿನ್ನೋ ಎಂಬುದು. ಹೆಡ್ ಬಿಚ್ಚಿ ವಾಲ್ವ್ ತಿಕ್ಕಿ, ರಿಂಗ್ ಬದಲಿಸಿದರೆ ಹಾಫ್. ಫುಲ್ ಎಂದರೆ ಇಂಜಿನ್ನೇ ಕೆಳಗಿಳಿಯಬೇಕು. ಅಂಗಳದ ಬೇವಿನ ಗಿಡದ ಗಟ್ಟಿ ಟೊಂಗೆಗೋ ಮೂರು ಕಂಬ ಕಟ್ಟಿದ ಚೌಕಟ್ಟಿಗೋ ಚೈನ್ ಬ್ಲಾಕ್ ಹಾಕಿ ಅದನ್ನು ಎತ್ತುತ್ತಿದ್ದರು. ವಾಲ್ವಿನ ತಲೆಗೆ ಪೇಸ್ಟ್ ಹಚ್ಚಿ, ರಬ್ಬರ್ ಬಟ್ಟಲಿನ ಕೋಲನ್ನು ಅಂಗೈಗಳ ನಡುವೆ ಹೊಸೆದು, ಸೀಟಿನ ಮೇಲೆ ಬೂದುಬಣ್ಣದ ಸಮನಾದ ಉಂಗುರ ಮೂಡುವವರೆಗೆ ತಿಕ್ಕುವುದು ತಾಳ್ಮೆಯ ಕೆಲಸ. ಆಮೇಲೆ ಹೆಡ್ಡನ್ನು ಮಗುಚಿಟ್ಟು ಸೀಮೆಎಣ್ಣೆ ಸುರಿಯುತ್ತಿದ್ದರು; ಹನಿ ಸೋರಿದರೆ ಮತ್ತೆ ತಿಕ್ಕಬೇಕು. ಸಿಲಿಂಡರ್ ಸವೆದಿದ್ದರೆ ಬೋರ್ ಮಾಡಿಸಿ ಇಂಚಿನ ಸಾವಿರದಲ್ಲಿ 20, 30, 40 ಅಂಶ ದೊಡ್ಡದಾದ ಪಿಸ್ಟನ್ ಹಾಕುತ್ತಿದ್ದರು. ಆ ಮಿತಿ ಮುಗಿದರೆ ಹೊಸ ಸ್ಲೀವ್ ಕೂರಿಸಿ ಮೊದಲ ಅಳತೆಗೇ ಮರಳಬಹುದಿತ್ತು. ಒಂದೇ ಬ್ಲಾಕ್ ಹಲವು ಜನ್ಮ ಕಂಡದ್ದು ಹೀಗೆ. ಹೊಸದಾಗಿ ಕೂಡಿಸಿದ ಇಂಜಿನ್ ಬಿಗಿಯಾಗಿರುತ್ತಿದ್ದುದರಿಂದ ಕಾರಿಗೆ ಹಗ್ಗ ಕಟ್ಟಿ ಎಳೆಸಿ ಚಾಲೂ ಮಾಡಿ, ಮೊದಲ ಕೆಲವು ನೂರು ಮೈಲು ಮೆಲ್ಲಗೆ ಓಡಿಸಬೇಕಿತ್ತು. ಅವಸರ ಮಾಡಿದವರ ಕಾರು ಬೇಗನೆ ಗಿಡದ ಕೆಳಗೆ ವಾಪಸು ಬರುತ್ತಿತ್ತು.

ಒಮ್ಮೆ ಸರಿಯಾದದ್ದು ಮತ್ತೆ ಮತ್ತೆ ಕೆಡಲು ಈ ನೆಲದ ಬಿಸಿಲು, ಧೂಳು, ನೀರು ಮೂರೂ ಕಾರಣ. ಏಪ್ರಿಲ್–ಮೇ ತಿಂಗಳ 40 ಡಿಗ್ರಿ ಸೆಕೆಯಲ್ಲಿ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ ಕಾರು ನಡುದಾರಿಯಲ್ಲಿ ನಿಲ್ಲುತ್ತಿತ್ತು. ಪಂಪಿಗೆ ಒದ್ದೆ ಅರಿವೆ ಸುತ್ತಿ ತಣಿಸಿದರೆ ಮತ್ತೆ ಹೊರಡುತ್ತಿತ್ತು. ಎರೆಹೊಲದ ಧೂಳು ಏರ್ ಫಿಲ್ಟರಿನ ತಳದ ಆಯಿಲನ್ನು ಕೆಸರು ಮಾಡುತ್ತಿತ್ತು. ಅದನ್ನು ತೊಳೆಯದೆ ಬಿಟ್ಟವರ ರಿಂಗುಗಳು ಬೇಗ ಸವೆಯುತ್ತಿದ್ದವು. ಗಡಸು ಬಾವಿನೀರು ರೇಡಿಯೇಟರಿನೊಳಗೆ ಬಿಳಿ ಹಕ್ಕಳೆ ಕಟ್ಟಿಸಿ ಇಂಜಿನ್ ಕುದಿಸುತ್ತಿತ್ತು, ಹೆಡ್ ಗ್ಯಾಸ್ಕೆಟ್ ಸುಡುತ್ತಿತ್ತು. ಇದನ್ನೆಲ್ಲ ಅರಿತ ಮಾಲೀಕರು ಪಾಯಿಂಟ್ ಸೆಟ್ಟಿಂಗ್, ಪ್ಲಗ್ ಒರೆಸುವುದು, ಕಾರ್ಬೊರೇಟರ್ ಜೆಟ್ ಊದುವುದನ್ನು ತಾವೇ ಕಲಿತರು. ಮಿಸ್ತ್ರಿಯ ಪಕ್ಕದಲ್ಲಿ ಕುಳಿತು ಕಲಿತ ಈ ಅರಿವು ಎಲ್ಲಿಯೂ ಬರೆದಿಡದೆ ಹೋದದ್ದು ದೊಡ್ಡ ನಷ್ಟ.

ಪೆಟ್ರೋಲ್ ತುಟ್ಟಿಯಾದಂತೆ ಬಾಡಿಗೆ ಕಾರುಗಳಿಗೆ ಡೀಸೆಲ್ ಇಂಜಿನ್ ಬಂತು. ಹಳೆಯ ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಕೂರಿಸುವುದೂ ನಾಡಿನ ಹಲವೆಡೆ ರೂಢಿಯಾಯಿತು. ಇಂಥ ಕಾರಿಗೆ ಹೊರಗಿನ ಮೈಯೊಂದೇ ಮೂಲದ್ದು.

1983ರ ಕೊನೆಯಲ್ಲಿ ಬಂದ ಮಾರುತಿ 800 ಕಾಯುವ ಕಾಲವನ್ನು ಕ್ರಮೇಣ ಮುಗಿಸಿತು. ಊರೂ ಬದಲಾಗುತ್ತಿತ್ತು: 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹಳೆ ಊರಿನ ಭಾಗ ಮುಳುಗಿ ನವನಗರ ಎದ್ದಿತು. ಅಂಗಳವಿದ್ದ ಮನೆಗಳನ್ನು ಬಿಟ್ಟು ಅಳತೆಯ ಸೈಟುಗಳಿಗೆ ಹೋದವರಿಗೆ ಚೈನ್ ಬ್ಲಾಕ್ ಕಟ್ಟುವ ಗಿಡವೂ ಇರಲಿಲ್ಲ. 2000ದ ಸುಮಾರಿಗೆ ಕಾರ್ಬೊರೇಟರಿನ ಜಾಗಕ್ಕೆ ಎಂಪಿಎಫ್‌ಐ ಎಂಬ ಎಲೆಕ್ಟ್ರಾನಿಕ್ ಇಂಧನ ವ್ಯವಸ್ಥೆ ಬಂದ ಮೇಲೆ ದೋಷ ಹುಡುಕುವ ಕೆಲಸ ಕಿವಿಯಿಂದ ಸ್ಕ್ಯಾನರಿಗೆ ಹೋಯಿತು.

ಉಳಿದ ಹಳೆ ಕಾರುಗಳ ಗತಿಯನ್ನು ಈಗ ಕಾನೂನು ನಿರ್ಧರಿಸುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅನಂತರ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ, 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000ಕ್ಕೆ ಏರಿತು. 50 ವರ್ಷ ಮೀರಿದ ಕಾರಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಿದೆ. ಆದರೆ ಚಾಸಿಸ್, ಬಾಡಿ ಅಥವಾ ಇಂಜಿನ್ ಬದಲಾಗಿರಬಾರದೆಂಬುದು ಅದರ ಷರತ್ತು. ಡೀಸೆಲ್ ಕೂರಿಸಿಕೊಂಡು ಬದುಕುಳಿದ ಹಳೆಯ ಬಾಡಿಗೆ ಕಾರಿಗೆ ಅದು ಅನ್ವಯಿಸುವುದಿಲ್ಲ.